ನಲ್ಲಿ ನೀರಿನ ಸುರಕ್ಷತೆ ನಿರ್ಧಾರವಾಗುವುದು ಡಿಪಿಆರ್ ಹಂತದಲ್ಲೇ

ಊರಿಗೆ ಹೊಸ ಕುಡಿಯುವ ನೀರಿನ ಯೋಜನೆ ಮಂಜೂರಾಯಿತೆಂದರೆ ಎಲ್ಲರೂ ಕೇಳುವುದು ಮೂರೇ ಪ್ರಶ್ನೆ: ಎಷ್ಟು ಎಂಎಲ್‌ಡಿ (ದಿನಕ್ಕೆ ಎಷ್ಟು ದಶಲಕ್ಷ ಲೀಟರ್), ತಲೆಗೆ ಎಷ್ಟು ಲೀಟರ್, ಎಷ್ಟು ದಿನಕ್ಕೊಮ್ಮೆ ನೀರು. ವಿಸ್ತೃತ ಯೋಜನಾ ವರದಿ, ಅಂದರೆ ಡಿಪಿಆರ್, ಈ ಮೂರಕ್ಕೂ ಪುಟಗಟ್ಟಲೆ ಲೆಕ್ಕ ಒದಗಿಸುತ್ತದೆ. ಗುಣಮಟ್ಟದ ವಿಷಯಕ್ಕೆ ಬಂದಾಗ ಬಹುಪಾಲು ವರದಿಗಳಲ್ಲಿ ಸಿಗುವುದು ಜಲಮೂಲದ ಒಂದೆರಡು ಮಾದರಿಗಳ ಪರೀಕ್ಷಾ ಫಲಿತಾಂಶ ಮತ್ತು ‘ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ಕ್ಕೆ ಅನುಗುಣವಾಗಿ ಪೂರೈಸಲಾಗುವುದು’ ಎಂಬ ಒಂದು ಸಾಲು. ಆ ಸಾಲನ್ನು ನಿಜ ಮಾಡುವ ನಿರ್ಧಾರಗಳು, ಎಂದರೆ ಪೈಪು ಚರಂಡಿಯಿಂದ ಎಷ್ಟು ದೂರ, ಟ್ಯಾಂಕಿನ ಒಳಹರಿವು ಯಾವ ಕಡೆ, ಕರೆಂಟು ಹೋದಾಗ ಕ್ಲೋರಿನ್ ಹೇಗೆ ಎಂಬವು, ಅದೇ ವರದಿಯ ನಕ್ಷೆಗಳಲ್ಲಿ ಯಾರೂ ಪ್ರಶ್ನಿಸದೆ ತೀರ್ಮಾನವಾಗಿಬಿಡುತ್ತವೆ. ಪೈಪು ಮಣ್ಣಿನಡಿ ಸೇರಿದ ಮೇಲೆ ಅವನ್ನು ತಿದ್ದುವ ಖರ್ಚನ್ನು ಯಾವ ನಗರಸಭೆಯೂ ಭರಿಸಲಾರದು.

ನೀರು ಕೊನೆಗೆ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗುತ್ತದಲ್ಲ ಎಂಬ ಭರವಸೆ ಎಷ್ಟು ದುರ್ಬಲ ಎಂಬುದನ್ನು ಮೊದಲು ನೋಡಬೇಕು. 100 ಮಿಲಿಲೀಟರ್ ನೀರಿನಲ್ಲಿ, ಮಲ ಸೇರಿರುವುದರ ಸೂಚನೆಯಾದ ಇ-ಕೊಲೈ ಬ್ಯಾಕ್ಟೀರಿಯಾ ಒಂದೂ ಇರಬಾರದು ಎನ್ನುತ್ತದೆ ಮಾನದಂಡ. ಆ ಪರೀಕ್ಷೆಗೆ ಮಾದರಿಯನ್ನು ಸುಮಾರು 24 ಗಂಟೆ ಕಾವಿನಲ್ಲಿ ಇಡಬೇಕು. ಫಲಿತಾಂಶ ಬರುವ ಹೊತ್ತಿಗೆ ಆ ನೀರನ್ನು ಜನ ಕುಡಿದಾಗಿರುತ್ತದೆ. ಮಾದರಿಗಳ ಸಂಖ್ಯೆಯಾದರೂ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಒಂದು ಲಕ್ಷ ಮೀರಿದ ಊರಲ್ಲಿ ಪ್ರತಿ 10,000 ಜನರಿಗೆ ತಿಂಗಳಿಗೆ ಒಂದು, ಜೊತೆಗೆ ಹತ್ತು ಹೆಚ್ಚುವರಿ. ಮೂರು ಲಕ್ಷದ ನಗರಕ್ಕೆ ತಿಂಗಳಿಗೆ 40 ಮಾದರಿ, ಅಂದರೆ ಎಲ್ಲ ಸೇರಿ ನಾಲ್ಕು ಲೀಟರ್ ನೀರು. ಅದೇ ತಿಂಗಳು ಆ ನಗರಕ್ಕೆ ಹರಿದದ್ದು ನೂರು ಕೋಟಿ ಲೀಟರಿಗೂ ಹೆಚ್ಚು. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಆ ಸಾವುಗಳ ನೆನಪಿರುವ ಯಾರೂ ಕೊನೆಯ ಪರೀಕ್ಷೆಯೊಂದನ್ನೇ ನಂಬಿ ಕೂರಲಾರರು.

ಈ ಕೊರತೆಗೆ ಉತ್ತರವಾಗಿ ವಿಶ್ವ ಆರೋಗ್ಯ ಸಂಸ್ಥೆ 2004ರ ತನ್ನ ಕುಡಿಯುವ ನೀರಿನ ಮಾರ್ಗಸೂಚಿಯಲ್ಲಿ ಜಲ ಸುರಕ್ಷಾ ಯೋಜನೆ ಎಂಬ ವಿಧಾನವನ್ನು ಮುಂದಿಟ್ಟಿತು. ಆಹಾರ ಉದ್ಯಮದಲ್ಲಿ ಮೊದಲೇ ಬಳಕೆಯಲ್ಲಿದ್ದ ಅಪಾಯ ವಿಶ್ಲೇಷಣಾ ಪದ್ಧತಿಯೇ ಇದರ ತಳಹದಿ. ಜಲಾನಯನ ಪ್ರದೇಶದಿಂದ ಮನೆಯ ಲೋಟದವರೆಗೆ ನೀರು ಹಾದುಬರುವ ಪ್ರತಿ ಹಂತದಲ್ಲೂ ಏನು ಕೆಡಬಹುದು, ಅದನ್ನು ತಡೆಯಲು ಏನಿದೆ, ಆ ತಡೆ ಈ ಗಳಿಗೆಯಲ್ಲಿ ಕೆಲಸ ಮಾಡುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ, ಮಾಡದಿದ್ದರೆ ಯಾರು ಏನು ಮಾಡಬೇಕು ಎಂದು ಮೊದಲೇ ಬರೆದಿಟ್ಟು, ಬರೆದಂತೆ ನಡೆಯುವುದು. ಸಾಮಾನ್ಯವಾಗಿ ಇದನ್ನು ಕಾಮಗಾರಿ ಮುಗಿದ ಮೇಲೆ ನಿರ್ವಹಣೆಯವರ ಕಡತಕ್ಕೆ ಸೇರಿಸುತ್ತಾರೆ. ಅದರ ನಿಜವಾದ ಜಾಗ ಡಿಪಿಆರ್.

ಅಪಾಯಕ್ಕೆ ಅಂಕ ಕೊಡುವುದು

ಮೊದಲು ತಂಡ ಬೇಕು. ವಿನ್ಯಾಸದ ಎಂಜಿನಿಯರ್, ಶುದ್ಧೀಕರಣ ಘಟಕದ ರಸಾಯನ ತಜ್ಞರು, ಒಳಚರಂಡಿ ವಿಭಾಗದವರು, ಆರೋಗ್ಯ ಇಲಾಖೆಯವರು ಇರಲೇಬೇಕು. ಇವರಷ್ಟೇ ಮುಖ್ಯರಾದವರು ನೀರುಗಂಟಿಗಳು. ಯಾವ ವಾಲ್ವ್ ಚೇಂಬರ್ ಮಳೆ ಬಂದರೆ ಮುಳುಗುತ್ತದೆ, ಯಾವ ಬೀದಿಯ ನಲ್ಲಿಯಲ್ಲಿ ಮೊದಲ ಹತ್ತು ನಿಮಿಷ ವಾಸನೆಯ ನೀರು ಬರುತ್ತದೆ ಎಂಬುದು ಯಾವ ನಕ್ಷೆಯಲ್ಲೂ ಇರುವುದಿಲ್ಲ, ಅವರ ತಲೆಯಲ್ಲಿರುತ್ತದೆ. ಅವರಿಲ್ಲದೆ ಬರೆದ ಸುರಕ್ಷಾ ಯೋಜನೆ ಕಚೇರಿಯೊಳಗಿನ ಊಹೆಯಷ್ಟೇ.

ನಂತರ ಪ್ರತಿ ಅಪಾಯಕ್ಕೂ ಎರಡು ಅಂಕ. ಎಷ್ಟು ಸಲ ಸಂಭವಿಸಬಹುದು ಎಂಬುದಕ್ಕೆ 1ರಿಂದ 5: ಐದು ವರ್ಷಕ್ಕೊಮ್ಮೆಯಾದರೆ 1, ವರ್ಷಕ್ಕೊಮ್ಮೆ 2, ತಿಂಗಳಿಗೊಮ್ಮೆ 3, ವಾರಕ್ಕೊಮ್ಮೆ 4, ದಿನವೂ ಆದರೆ 5. ಪರಿಣಾಮ ಎಷ್ಟು ಗಂಭೀರ ಎಂಬುದಕ್ಕೂ 1ರಿಂದ 5: ಬಣ್ಣ, ರುಚಿ ಕೆಡುವುದಕ್ಕೆ 3, ಜನರ ಆರೋಗ್ಯಕ್ಕೇ ಕುತ್ತಾದರೆ 5. ಎರಡನ್ನೂ ಗುಣಿಸಬೇಕು. ಮುಂಗಾರಿನಲ್ಲಿ ತಿಂಗಳಿಗೊಮ್ಮೆ ಕೆಂಪು ನೀರು ಬರುವುದು 3 ಗುಣಿಸು 3, ಒಂಬತ್ತು. ವಾರಕ್ಕೊಮ್ಮೆ ನೀರು ಬಿಡುವ ಬಡಾವಣೆಯಲ್ಲಿ ಪ್ರತಿ ಸಲ ನೀರು ಬಿಟ್ಟಾಗಲೂ ಚರಂಡಿ ನೀರು ಪೈಪಿಗೆ ನುಗ್ಗುವ ಸಾಧ್ಯತೆ 4 ಗುಣಿಸು 5, ಇಪ್ಪತ್ತು. ಹದಿನೈದು ದಾಟಿದ್ದೆಲ್ಲ ಅತಿ ಹೆಚ್ಚಿನ ಅಪಾಯ. ಕೆಂಪು ನೀರಿನ ಬಗ್ಗೆ ನೂರು ದೂರು ಬರುತ್ತವೆ, ಕಣ್ಣಿಗೆ ಕಾಣದ ಎರಡನೆಯದರ ಬಗ್ಗೆ ಒಂದೂ ಬರುವುದಿಲ್ಲ. ಹಣವನ್ನು ದೂರಿನ ಸದ್ದಿನ ಬದಲು ಅಪಾಯದ ತೂಕಕ್ಕೆ ತಕ್ಕಂತೆ ಹಂಚಲು ಈ ಸರಳ ಗುಣಾಕಾರ ನೆರವಾಗುತ್ತದೆ.

ಅಂಕ ಕೊಡುವಾಗ ಆಗುವ ದೊಡ್ಡ ತಪ್ಪೆಂದರೆ, ಕಾಗದದ ಮೇಲಿರುವ ತಡೆಯನ್ನೇ ನಂಬಿ ಅಂಕ ಇಳಿಸುವುದು. ‘ಘಟಕದಲ್ಲಿ ಕ್ಲೋರಿನೇಟರ್ ಇದೆ’ ಎಂದಾಕ್ಷಣ ಅಪಾಯ ಕಡಿಮೆಯಾಗದು. ಅದು ಕಳೆದ ವರ್ಷ ಎಷ್ಟು ಗಂಟೆ ನಿಂತಿತ್ತು, ನಿಂತಾಗ ಪಂಪು ಓಡುತ್ತಲೇ ಇತ್ತೇ ಎಂಬ ದಾಖಲೆ ನೋಡಿ ಅಂಕ ಕೊಡಬೇಕು.

ಮೂಲದಲ್ಲಿ

ಒಂದೇ ದಿನದ ಮಾದರಿಯಿಂದ ಜಲಮೂಲ ಅರ್ಥವಾಗುವುದಿಲ್ಲ. ಜಲಾಶಯ ತಳ ಕಾಣುವ ಏಪ್ರಿಲ್–ಮೇ, ಮೊದಲ ಮಳೆಯ ಜೂನ್, ತುಂಬಿ ಹರಿಯುವ ಆಗಸ್ಟ್, ತಿಳಿಯಾದ ಡಿಸೆಂಬರ್, ಕನಿಷ್ಠ ಈ ನಾಲ್ಕು ಕಾಲದ ನೀರನ್ನಾದರೂ ಪರೀಕ್ಷಿಸಿ ಘಟಕವನ್ನು ವಿನ್ಯಾಸ ಮಾಡಬೇಕು. ಆಳವಾದ ಜಲಾಶಯದಲ್ಲಿ ಜಾಕ್‌ವೆಲ್‌ಗೆ, ಅಂದರೆ ನೀರೆತ್ತುವ ಬಾವಿಗೆ, ಒಂದೇ ಮಟ್ಟದಲ್ಲಿ ಬಾಯಿ ಇಟ್ಟರೆ ಕಷ್ಟ: ಬೇಸಿಗೆಯಲ್ಲಿ ಮೇಲ್ಪದರದಲ್ಲಿ ಪಾಚಿ, ಆಮ್ಲಜನಕವಿಲ್ಲದ ತಳದಲ್ಲಿ ಕಬ್ಬಿಣ, ಮ್ಯಾಂಗನೀಸ್. ಎರಡು ಮೂರು ಮಟ್ಟದಲ್ಲಿ ಗೇಟು ಇದ್ದರೆ ಒಳ್ಳೆಯ ಪದರವನ್ನು ಆರಿಸಿಕೊಳ್ಳಬಹುದು. ಕಟ್ಟುವಾಗ ಇದಕ್ಕೆ ತಗಲುವ ಹೆಚ್ಚಿನ ವೆಚ್ಚ ಅಲ್ಪ, ಕಟ್ಟಿದ ಮೇಲೆ ಸೇರಿಸುವುದು ಬಹುತೇಕ ಅಸಾಧ್ಯ.

ಕೊಳವೆಬಾವಿ ನಂಬಿದ ಊರುಗಳ ಕಥೆ ಬೇರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಫ್ಲೋರೈಡ್, ಹಲವು ನಗರಗಳ ಅಂತರ್ಜಲದಲ್ಲಿ ನೈಟ್ರೇಟ್. ಫ್ಲೋರೈಡ್‌ಗೆ ಅಪೇಕ್ಷಿತ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5; ನೈಟ್ರೇಟ್‌ಗೆ 45, ಅದರಲ್ಲಿ ಸಡಿಲಿಕೆ ಇಲ್ಲ. ಕುದಿಸಿದರೂ ಕ್ಲೋರಿನ್ ಹಾಕಿದರೂ ಇವೆರಡೂ ಹೋಗುವುದಿಲ್ಲ. ಕುದಿಸಿದಾಗ ನೀರು ಆವಿಯಾದಷ್ಟು ಇವು ಇನ್ನಷ್ಟು ಗಟ್ಟಿಯಾಗುತ್ತವೆ. ನದಿ ನೀರಿನ ಯೋಜನೆ ಬಂದ ಮೇಲೂ ಬೇಸಿಗೆಯಲ್ಲಿ ಹಳೆಯ ಕೊಳವೆಬಾವಿಗಳನ್ನು ಅದೇ ಪೈಪು ಜಾಲಕ್ಕೆ ಜೋಡಿಸುವ ರೂಢಿ ಇದೆ. ಯಾವ ಬಾವಿಯ ನೀರನ್ನು ಎಷ್ಟು ಪಾಲು ಬೆರೆಸಬಹುದು ಎಂಬ ಲೆಕ್ಕ ಡಿಪಿಆರ್‌ನಲ್ಲೇ ಇರಬೇಕು.

ಶುದ್ಧೀಕರಣ ಘಟಕದಲ್ಲಿ

ಸ್ಫಟಿಕ, ಅಂದರೆ ಆಲಂ, ಎಷ್ಟು ಹಾಕಬೇಕೆಂಬುದನ್ನು ಜಾರ್ ಪರೀಕ್ಷೆ ಹೇಳುತ್ತದೆ: ಆರು ಗಾಜಿನ ಪಾತ್ರೆಗಳಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ ಒಂದು ನಿಮಿಷ ಜೋರಾಗಿ, ಹತ್ತು ಹದಿನೈದು ನಿಮಿಷ ನಿಧಾನವಾಗಿ ಕಲಕಿ, ಅರ್ಧ ಗಂಟೆ ಬಿಟ್ಟು, ಯಾವ ಪಾತ್ರೆಯ ನೀರು ಹೆಚ್ಚು ತಿಳಿಯಾಗಿದೆ ನೋಡುವುದು. ಮುಂಗಾರಿನಲ್ಲಿ ಕೆಸರಿನ ಮಟ್ಟ ಗಂಟೆಗಂಟೆಗೆ ಬದಲಾಗುವಾಗ ದಿನಕ್ಕೊಂದು ಪರೀಕ್ಷೆ ಸಾಲದು. ಆಲಂ ನೀರಿನ ಕ್ಷಾರತೆಯನ್ನೂ (ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿಯನ್ನು) ತಿನ್ನುತ್ತದೆ, ಪ್ರತಿ ಮಿಲಿಗ್ರಾಂಗೆ ಸುಮಾರು ಅರ್ಧ ಮಿಲಿಗ್ರಾಂ. ಮಳೆಗಾಲದ ಮೆದು ನೀರಿನಲ್ಲಿ ಕ್ಷಾರತೆ ಮೊದಲೇ ಕಡಿಮೆ, ಬೇಕಾಗುವ ಆಲಂ ಹೆಚ್ಚು. ಸುಣ್ಣ ಸೇರಿಸುವ ವ್ಯವಸ್ಥೆ ಇಲ್ಲದ ಘಟಕದಲ್ಲಿ ಆಗ ಕೆಸರಿನ ಕಣಗಳು ಕೂಡಿ ಗರಣೆಯೇ ಕಟ್ಟುವುದಿಲ್ಲ, ಎಷ್ಟು ಆಲಂ ಸುರಿದರೂ ನೀರು ತಿಳಿಯಾಗದು.

ವೇಗದ ಮರಳು ಫಿಲ್ಟರ್‌ಗಳಲ್ಲಿ 60ರಿಂದ 75 ಸೆಂಟಿಮೀಟರ್ ಮರಳು, ಚದರ ಮೀಟರಿಗೆ ಗಂಟೆಗೆ 5ರಿಂದ 6 ಘನ ಮೀಟರ್ ಹರಿವು ಸಾಮಾನ್ಯ ವಿನ್ಯಾಸ. ಸೋಸಿದ ನೀರಿನ ಕಲಕು 1 ಎನ್‌ಟಿಯು (ಕಲಕನ್ನು ಅಳೆಯುವ ಮಾನ) ಒಳಗಿರಬೇಕು, 0.3ಕ್ಕೆ ಇಳಿದರೆ ಇನ್ನೂ ಒಳ್ಳೆಯದು, ಏಕೆಂದರೆ ಕ್ಲೋರಿನ್‌ಗೆ ಸುಲಭವಾಗಿ ಸಾಯದ ಪರೋಪಜೀವಿಗಳನ್ನು ತಡೆಯುವುದು ಮರಳೇ. ಎಲ್ಲ ಫಿಲ್ಟರ್‌ಗಳ ನೀರು ಕೂಡಿದ ಮೇಲೆ ಒಂದೇ ಕಡೆ ಕಲಕು ಅಳೆದರೆ, ಕೆಟ್ಟಿರುವ ಒಂದು ಫಿಲ್ಟರ್ ಉಳಿದವುಗಳ ಮರೆಯಲ್ಲಿ ಅಡಗಿಕೊಳ್ಳುತ್ತದೆ. ಪ್ರತಿ ಫಿಲ್ಟರ್‌ಗೂ ಬೇರೆ ಮಾದರಿ ನಲ್ಲಿ ಬೇಕು. ಹಿಮ್ಮುಖವಾಗಿ ತೊಳೆದ ಕೂಡಲೇ ಬರುವ ನೀರು ಸ್ವಲ್ಪ ಹೊತ್ತು ಕಲಕಾಗಿಯೇ ಇರುತ್ತದೆ. ಅದನ್ನು ಹೊರಬಿಡುವ ಪೈಪು ನಕ್ಷೆಯಲ್ಲಿಲ್ಲದಿದ್ದರೆ ಅದು ನೇರ ಊರಿಗೆ ಹೋಗುತ್ತದೆ.

ಇನ್ನು ಕ್ಲೋರಿನ್. ಲೆಕ್ಕ ಸುಲಭ: ಒಂದು ಎಂಎಲ್‌ಡಿ ನೀರಿಗೆ ಲೀಟರಿಗೆ 1 ಮಿಲಿಗ್ರಾಂನಂತೆ ಹಾಕಲು ದಿನಕ್ಕೆ 1 ಕಿಲೋ ಕ್ಲೋರಿನ್. ಮೂರು ಲಕ್ಷ ಜನರಿಗೆ ತಲೆಗೆ 135 ಲೀಟರ್ ಮತ್ತು ಸೋರಿಕೆ ಸೇರಿ 47 ಎಂಎಲ್‌ಡಿ ಎಂದುಕೊಂಡರೆ, 2 ಮಿಲಿಗ್ರಾಂ ಪ್ರಮಾಣಕ್ಕೆ ದಿನಕ್ಕೆ 94 ಕಿಲೋ. 900 ಕಿಲೋದ ಒಂದು ಟನ್ನರ್ (ದೊಡ್ಡ ಕ್ಲೋರಿನ್ ಸಿಲಿಂಡರ್) ಒಂಬತ್ತು ದಿನ ಬರುತ್ತದೆ. ಅದೇ ಕೆಲಸಕ್ಕೆ ಬ್ಲೀಚಿಂಗ್ ಪೌಡರ್ ಬಳಸಿದರೆ, ಅದರಲ್ಲಿ ಶೇ 25ರಷ್ಟು ಕ್ಲೋರಿನ್ ಉಳಿದಿದ್ದರೂ ದಿನಕ್ಕೆ 376 ಕಿಲೋ ಬೇಕು. ತಿಂಗಳುಗಟ್ಟಲೆ ಸೆಕೆಯ ಗೋದಾಮಿನಲ್ಲಿ ಬಿದ್ದ ಚೀಲದಲ್ಲಿ ಅಷ್ಟೂ ಉಳಿದಿರುವುದಿಲ್ಲ. ಚೀಲದ ಮೇಲೆ ಅಚ್ಚಾದ ಪ್ರಮಾಣವನ್ನೇ ನಂಬಿ ಅಳೆದು ಹಾಕುವವರು ಬೇಕಾದ್ದಕ್ಕಿಂತ ಬಹಳ ಕಡಿಮೆ ಹಾಕುತ್ತಿರುತ್ತಾರೆ, ಅದು ಅವರಿಗೆ ತಿಳಿದಿರುವುದೂ ಇಲ್ಲ.

ಕ್ಲೋರಿನ್ ಬೆರೆತ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ, ಅದಕ್ಕೆ ಸಮಯ ಬೇಕು: ಲೀಟರಿಗೆ ಕನಿಷ್ಠ 0.5 ಮಿಲಿಗ್ರಾಂ ಮುಕ್ತ (ಬೇರೆ ವಸ್ತುವಿನ ಜೊತೆ ಸೇರದೆ ಉಳಿದ) ಕ್ಲೋರಿನ್, ಕನಿಷ್ಠ 30 ನಿಮಿಷ, ಪಿಎಚ್ 8ಕ್ಕಿಂತ ಕಡಿಮೆ. 47 ಎಂಎಲ್‌ಡಿಗೆ ಅರ್ಧ ಗಂಟೆ ಎಂದರೆ ಸುಮಾರು 980 ಘನ ಮೀಟರ್. ಶುದ್ಧ ನೀರಿನ ಸಂಪು ಅಷ್ಟು ದೊಡ್ಡದಿದೆ ಎಂದು ವಿನ್ಯಾಸಕಾರರು ಸಮಾಧಾನಪಟ್ಟುಕೊಳ್ಳುತ್ತಾರೆ. ಒಳಗೆ ಅಡ್ಡಗೋಡೆಗಳಿಲ್ಲದ, ಒಳಹರಿವು ಹೊರಹರಿವು ಅಕ್ಕಪಕ್ಕದಲ್ಲಿರುವ ಸಂಪಿನಲ್ಲಿ ನೀರು ಅಡ್ಡದಾರಿ ಹಿಡಿಯುತ್ತದೆ. ಖಾತ್ರಿಯಾಗಿ ಸಿಗುವ ಸಮಯ ಲೆಕ್ಕದ ಹತ್ತರಲ್ಲಿ ಒಂದು ಪಾಲು ಎಂದೇ ಹಿಡಿಯಬೇಕು, ಅಂದರೆ ಮೂರು ನಿಮಿಷ. ಹಾವಿನಂತೆ ಸುತ್ತಿ ಹೋಗುವಂತೆ ಅಡ್ಡಗೋಡೆ ಕಟ್ಟಿದರೆ ಅದೇ ಸಂಪಿನಲ್ಲಿ ಶೇ 70ರಷ್ಟು ಸಮಯ ಸಿಗುತ್ತದೆ. ಲೆಕ್ಕವನ್ನು ಸಂಪು ತುಂಬಿರುವಾಗಿನ ಮಟ್ಟಕ್ಕಲ್ಲ, ಬೆಳಗಿನ ಜಾವ ಪಂಪು ಎಳೆದು ಮಟ್ಟ ಇಳಿದಿರುವಾಗಿನದಕ್ಕೆ ಮಾಡಬೇಕು. ಇಡೀ ಯೋಜನೆಯಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಸುರಕ್ಷತೆ ಕೊಡುವ ಇನ್ನೊಂದು ಕೆಲಸವಿಲ್ಲ.

ಪಿಎಚ್ ಕೂಡ ಲೆಕ್ಕಕ್ಕೆ ಬರುತ್ತದೆ. 7.5ರಲ್ಲಿ ಮುಕ್ತ ಕ್ಲೋರಿನ್‌ನ ಅರ್ಧದಷ್ಟು ಮಾತ್ರ ಚುರುಕಾದ ಹೈಪೋಕ್ಲೋರಸ್ ಆಮ್ಲದ ರೂಪದಲ್ಲಿರುತ್ತದೆ, 8.5ರಲ್ಲಿ ಹತ್ತರಲ್ಲೊಂದು ಪಾಲಷ್ಟೇ. ಎರಡು ಕ್ಲೋರಿನೇಟರ್, ಒಂದು ನಿಂತರೆ ತಾನಾಗಿ ಇನ್ನೊಂದಕ್ಕೆ ಬದಲಾಗುವ ಏರ್ಪಾಡು, ಜನರೇಟರ್‌ಗೆ ಜೋಡಣೆ, ಶೇಷ ಕ್ಲೋರಿನ್ (ನೀರಿನಲ್ಲಿ ಇನ್ನೂ ಉಳಿದಿರುವ ಕ್ಲೋರಿನ್) ಕುಸಿದರೆ ಕೂಗುವ ಅಲಾರಂ, ಇವೆಲ್ಲ ಟೆಂಡರ್ ದಾಖಲೆಯಲ್ಲಿ ಬರೆದಿದ್ದರೆ ಮಾತ್ರ ಬರುತ್ತವೆ.

ಪೈಪಿನೊಳಗೆ

ಘಟಕದಿಂದ ಹೊರಟ ಒಳ್ಳೆಯ ನೀರು ನಮ್ಮ ಊರುಗಳಲ್ಲಿ ಕೆಡುವುದು ಹೆಚ್ಚಾಗಿ ಬೀದಿಯ ಪೈಪಿನಲ್ಲಿ. ಕಾರಣ ಒಂದೇ, ಪೈಪು ಖಾಲಿಯಾಗುವುದು. ನೀರು ನಿಲ್ಲಿಸಿದಾಗ ಒಳಗಿನ ಒತ್ತಡ ಶೂನ್ಯಕ್ಕೆ, ಇಳಿಜಾರಿನಲ್ಲಿ ಶೂನ್ಯಕ್ಕಿಂತಲೂ ಕೆಳಗೆ ಇಳಿಯುತ್ತದೆ. ಒತ್ತಡವಿದ್ದಾಗ ನೀರು ಹೊರಗೆ ಸೋರುತ್ತಿದ್ದ ಅದೇ ಬಿರುಕಿನಿಂದ ಈಗ ಸುತ್ತಲಿನ ಹೊಲಸು ಒಳಗೆ ಬರುತ್ತದೆ. ಮನೆ ಸಂಪರ್ಕದ ಜಿಐ ಪೈಪು ಚರಂಡಿಯೊಳಗೆ ಹಾದುಹೋಗಿ ತುಕ್ಕು ಹಿಡಿದಿದ್ದರೆ ಚರಂಡಿ ನೀರೇ ಒಳಗೆ. ಜನ ನಲ್ಲಿಗೆ ನೇರವಾಗಿ ಮೋಟಾರ್ ಹಚ್ಚಿ ಎಳೆದಾಗ, ನೀರು ಬಿಟ್ಟ ಹೊತ್ತಿನಲ್ಲೂ ಇದೇ ಆಗುತ್ತದೆ. ಮಳೆನೀರು ತುಂಬಿದ ಚೇಂಬರಿನಲ್ಲಿ ಮುಳುಗಿದ ಏರ್‌ವಾಲ್ವ್, ಪೈಪು ಖಾಲಿಯಾಗುವಾಗ ಗಾಳಿಯ ಬದಲು ಆ ಕೊಳಕು ನೀರನ್ನೇ ಹೀರುತ್ತದೆ.

ಇದಕ್ಕೆ ಹುಬ್ಬಳ್ಳಿ–ಧಾರವಾಡಕ್ಕಿಂತ ಸ್ಪಷ್ಟ ಸಾಕ್ಷಿ ಬೇರೆಡೆ ಸಿಗುವುದು ಕಷ್ಟ. ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಲಯಗಳಿಗೆ 24 ಗಂಟೆ ನೀರು ಕೊಡುವ ವ್ಯವಸ್ಥೆ ಬಂತು. ಅವಳಿ ನಗರದ ಉಳಿದ ಕಡೆ ಹಲವು ದಿನಕ್ಕೊಮ್ಮೆ ಬಿಡುವ ಹಳೆಯ ಪದ್ಧತಿ ಮುಂದುವರಿಯಿತು. ಮೂಲವೂ ಶುದ್ಧೀಕರಣವೂ ಎರಡಕ್ಕೂ ಒಂದೇ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಕಡೆಯ ನಲ್ಲಿ ನೀರನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಟ್ಟು ಬಿಟ್ಟು ನೀರು ಬರುವ ಕಡೆ ಸುಮಾರು ಮೂರರಲ್ಲೊಂದು ಮಾದರಿಯಲ್ಲಿ ಇ-ಕೊಲೈ ಸಿಕ್ಕಿತು, ನಿರಂತರ ನೀರಿನ ವಲಯದಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ವ್ಯತ್ಯಾಸ ಇದ್ದದ್ದು ಹಂಚಿಕೆಯಲ್ಲಿ: ಹೊಸ ಪೈಪು, ಮತ್ತು ಅದರೊಳಗೆ ಸದಾ ಉಳಿದ ಒತ್ತಡ.

ಹಾಗಾಗಿ 24 ಗಂಟೆ ನೀರನ್ನು ಕೇವಲ ಅನುಕೂಲ ಎಂದು ನೋಡುವುದು ತಪ್ಪು, ಅದು ಮೊದಲಿಗೆ ಆರೋಗ್ಯದ ವಿಷಯ. ಅದನ್ನು ಸಾಧಿಸಲು ಒಂದು ಟ್ಯಾಂಕಿಗೆ ಒಂದೇ ವಲಯ, ವಲಯದ ಒಳಹರಿವಿಗೆ ಒಟ್ಟು ನೀರು ಅಳೆಯುವ ಬಲ್ಕ್ ಮೀಟರ್, ಮನೆಗೆ ಮೀಟರ್, ಸೋರಿಕೆ ಹುಡುಕಲು ಪ್ರತ್ಯೇಕಿಸಬಲ್ಲ ಸಣ್ಣ ಉಪವಲಯಗಳು ಬೇಕು. ಅತ್ಯಂತ ಎತ್ತರದ, ಅತ್ಯಂತ ದೂರದ ನಲ್ಲಿಯಲ್ಲೂ ಒಂದಂತಸ್ತಿನ ಮನೆಗಾದರೆ 7 ಮೀಟರ್, ಎರಡಂತಸ್ತಿಗೆ 12, ಮೂರಂತಸ್ತಿಗೆ 17 ಮೀಟರ್ ಒತ್ತಡ (ನೀರು ಅಷ್ಟು ಎತ್ತರಕ್ಕೆ ಏರುವಷ್ಟು) ಉಳಿಯುವಂತೆ ಲೆಕ್ಕ ಹಾಕುವುದು ಹಿಂದಿನಿಂದ ಬಂದ ರೂಢಿ. ಒಳಚರಂಡಿ ಕೊಳವೆಯಿಂದ ಅಡ್ಡಲಾಗಿ 3 ಮೀಟರ್ ಅಂತರ, ದಾಟಲೇಬೇಕಾದಲ್ಲಿ ಕುಡಿಯುವ ನೀರಿನ ಪೈಪು ಅರ್ಧ ಮೀಟರ್ ಮೇಲಿರಬೇಕು. ಎರಡು ಮೀಟರಿನ ಓಣಿಯಲ್ಲಿ ಈ ಅಂತರ ಸಿಗುವುದಿಲ್ಲ. ಅಂಥಲ್ಲಿ ಬೆಸೆದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು, ಕೀಲಿಲ್ಲದ ಕವಚ ಪೈಪು ಎಂದು ನಕ್ಷೆಯಲ್ಲೇ ಗುರುತಿಸಬೇಕು. ‘ಸ್ಥಳದಲ್ಲಿ ನೋಡಿಕೊಳ್ಳುವುದು’ ಎಂದು ಬಿಟ್ಟರೆ ಗುತ್ತಿಗೆದಾರರು ಅಗೆಯಲು ಸುಲಭವಾದ ಚರಂಡಿ ಪಕ್ಕವನ್ನೇ ಹಿಡಿಯುತ್ತಾರೆ.

ಹೊಸ ಜಾಲ ಬಂದ ಮೇಲೆ ಹಳೆಯ ಜಾಲವನ್ನು ಪೂರ್ತಿ ಕತ್ತರಿಸದೆ ಬಿಡುವುದು ಇನ್ನೊಂದು ದೊಡ್ಡ ಅಪಾಯ. ಎಲ್ಲೋ ಒಂದು ಮನೆಗೆ ಎರಡೂ ಕಡೆಯ ಸಂಪರ್ಕ ಉಳಿದಿದ್ದರೂ ಸಾಕು, ಹಳೆಯ ಪೈಪಿನ ಕೊಳಕು ಹೊಸದಕ್ಕೆ ದಾರಿ ಮಾಡಿಕೊಳ್ಳುತ್ತದೆ. ಪ್ರತಿ ಬೀದಿಯ ಹಳೆಯ ಪೈಪಿಗೂ ಮುಚ್ಚಳ ಬೆಸೆದ ದಾಖಲೆ ಇಲ್ಲದೆ ಬಿಲ್ಲು ಪಾವತಿಸಬಾರದು.

ಹೊಸ ಪೈಪನ್ನು ಚಾಲನೆಗೆ ಮುನ್ನ ತೊಳೆದು ಸೋಂಕು ನಿವಾರಿಸಬೇಕು. 150 ಮಿಲಿಮೀಟರ್ ವ್ಯಾಸದ ಒಂದು ಕಿಲೋಮೀಟರ್ ಪೈಪು ಹಿಡಿಸುವುದು 17.7 ಘನ ಮೀಟರ್ ನೀರು. ಲೀಟರಿಗೆ 25 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ 442 ಗ್ರಾಂ, ಶೇ 25ರ ಬ್ಲೀಚಿಂಗ್ ಪೌಡರ್ ಆದರೆ ಸುಮಾರು 1.8 ಕಿಲೋ. 24 ಗಂಟೆ ತುಂಬಿಟ್ಟ ಮೇಲೂ 10 ಮಿಲಿಗ್ರಾಂ ಉಳಿದಿರಬೇಕು. ಅದಕ್ಕಿಂತ ಕಡಿಮೆಯಾಗಿದ್ದರೆ ಒಳಗೆ ಕೊಳೆ ಇದೆ ಎಂದರ್ಥ, ಮತ್ತೆ ತೊಳೆಯಬೇಕು. ಎರಡು ಕಿಲೋ ಪುಡಿಯ ಈ ಕೆಲಸವನ್ನು ಉದ್ಘಾಟನೆಯ ಅವಸರದಲ್ಲಿ ಬಿಟ್ಟುಬಿಡುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು.

ಮೇಲ್ಮಟ್ಟದ ಟ್ಯಾಂಕುಗಳಿಗೆ ಬೀಗ ಹಾಕುವ ಮುಚ್ಚಳ, ಗಾಳಿ ಕಿಂಡಿಗೆ ಸೊಳ್ಳೆ ಜಾಲರಿ, ಎದುರುಬದಿರು ಒಳಹರಿವು–ಹೊರಹರಿವು, ತಳ ತೊಳೆಯುವ ವಾಲ್ವ್, ಮತ್ತು ಒಂದು ಭಾಗ ತೊಳೆಯುವಾಗ ಇನ್ನೊಂದು ನಡೆಯುವಂತೆ ಎರಡು ಕೋಣೆ. ಒಂದೇ ಕೋಣೆಯ ಟ್ಯಾಂಕನ್ನು ನೀರು ನಿಲ್ಲಿಸದೆ ತೊಳೆಯಲಾಗದು, ನೀರು ನಿಲ್ಲಿಸಲು ಯಾರಿಗೂ ಧೈರ್ಯವಿಲ್ಲ, ಹಾಗಾಗಿ ಟ್ಯಾಂಕು ವರ್ಷಗಟ್ಟಲೆ ತೊಳೆಯದೆ ಉಳಿಯುತ್ತದೆ.

ಅಳೆದ ಮೇಲೆ ಯಾರು ಏನು ಮಾಡಬೇಕು

ದಿನವೂ ಕಾಯಬೇಕಾದ ಅಳತೆ ನಲ್ಲಿಯಲ್ಲಿನ ಶೇಷ ಕ್ಲೋರಿನ್, ಕನಿಷ್ಠ 0.2 ಮಿಲಿಗ್ರಾಂ. ಒಂದೆರಡು ನಿಮಿಷದ ಪರೀಕ್ಷೆ ಇದು, ಇ-ಕೊಲೈಯಂತೆ ನಾಳೆಯವರೆಗೆ ಕಾಯುವುದಿಲ್ಲ. ಹಳದಿ ಬಣ್ಣ ಕೊಡುವ ಒಟಿ (ಆರ್ಥೋಟಾಲಿಡಿನ್) ದ್ರಾವಣ ಮುಕ್ತ ಕ್ಲೋರಿನ್ ಮತ್ತು ಅಮೋನಿಯಾ ಜೊತೆ ಸೇರಿದ ಕ್ಲೋರಿನ್ ನಡುವಿನ ಭೇದವನ್ನು ಸರಿಯಾಗಿ ತೋರಿಸುವುದಿಲ್ಲ, ವಿಷಕಾರಿಯೂ ಹೌದು. ಗುಲಾಬಿ ಬಣ್ಣ ಕೊಡುವ ಡಿಪಿಡಿ ಮಾತ್ರೆಗಳನ್ನೇ ಕೊಳ್ಳಬೇಕು. ಚರಂಡಿ ನೀರು ಸೇರಿದ ಕಡೆ ಅದರ ಅಮೋನಿಯಾ ಮತ್ತು ಸಾವಯವ ವಸ್ತು ಕ್ಲೋರಿನ್ ತಿಂದುಹಾಕುತ್ತವೆ. ಆದ್ದರಿಂದ ಪಕ್ಕದ ಬೀದಿಯಲ್ಲಿ 0.4 ಇದ್ದು ಇಲ್ಲಿ ಮಾತ್ರ ಸೊನ್ನೆ ಎಂದರೆ, ಕ್ಲೋರಿನ್ ಕಡಿಮೆ ಹಾಕಿದ್ದಾರೆ ಎಂದುಕೊಳ್ಳಬಾರದು, ಇಲ್ಲಿ ಪೈಪು ಒಡೆದಿದೆ ಎಂದೇ ಹಿಡಿದು ಅಗೆಯಬೇಕು.

ಸುರಕ್ಷಾ ಯೋಜನೆಯ ಪ್ರಾಣ ಇರುವುದು ಇಂಥ ಸಾಲುಗಳಲ್ಲಿ: ಟ್ಯಾಂಕಿನ ಹೊರಹರಿವಿನಲ್ಲಿ ಗುರಿ 0.5, 0.3ಕ್ಕಿಂತ ಇಳಿದರೆ ನೀರುಗಂಟಿ ಕೂಡಲೇ ಘಟಕಕ್ಕೆ ಫೋನ್ ಮಾಡಬೇಕು, ಪಾಳಿಯ ಆಪರೇಟರ್ ಅರ್ಧ ಗಂಟೆಯೊಳಗೆ ಪ್ರಮಾಣ ಸರಿಪಡಿಸಬೇಕು; ಬೀದಿ ನಲ್ಲಿಯಲ್ಲಿ ಸೊನ್ನೆ ಬಂದರೆ ಆ ಉಪವಲಯದ ವಾಲ್ವ್ ಮುಚ್ಚಲು ನೀರುಗಂಟಿಗೇ ಅಧಿಕಾರ ಇರಬೇಕು, ಮೇಲಿನವರ ಅನುಮತಿಗೆ ಕಾಯಬಾರದು. ಆ ಕೊನೆಯ ಅಧಿಕಾರ ಕೊಡದ ಯೋಜನೆ, ಉಳಿದದ್ದೆಲ್ಲ ಸರಿಯಿದ್ದರೂ ಸಂಕಟದ ದಿನ ಕೆಲಸಕ್ಕೆ ಬಾರದು.

ಒಂದೇ ಬೀದಿಯಿಂದ ವಾಂತಿಭೇದಿಯ ಮೂರು ನಾಲ್ಕು ಪ್ರಕರಣ ಒಟ್ಟಿಗೆ ಬಂದರೆ, ಪ್ರಯೋಗಾಲಯದ ವರದಿಗೆ ಕಾಯದೆ ಆ ವಲಯವನ್ನು ಬೇರ್ಪಡಿಸಬೇಕು. ಟ್ಯಾಂಕರ್ ನೀರು ಕಳಿಸುವುದಾದರೆ ಅದರಲ್ಲೂ 0.5 ಮಿಲಿಗ್ರಾಂ ಶೇಷ ಕ್ಲೋರಿನ್ ಇದೆಯೇ ಎಂದು ತುಂಬಿಸುವಲ್ಲೇ ನೋಡಬೇಕು. ಮನೆಮನೆಗೆ ಹೋಗಿ ಕುದಿಸಿ ಕುಡಿಯಲು ಹೇಳುವುದರ ಜೊತೆಗೆ ಸಂಪು, ಮೇಲಿನ ಟ್ಯಾಂಕು ಖಾಲಿ ಮಾಡಿಸಿ ತೊಳೆಸಬೇಕು. ಇಲ್ಲದಿದ್ದರೆ ಬೀದಿ ಪೈಪು ಸರಿಯಾದ ಮೇಲೂ ಜನ ಕುಡಿಯುವುದು ಸಂಪಿನಲ್ಲಿ ಉಳಿದ ಹಳೆಯ ನೀರನ್ನೇ. ಒಡೆದ ಜಾಗ ಸಿಕ್ಕಿ, ರಿಪೇರಿಯಾಗಿ, ಪೈಪು ತೊಳೆದು ಕ್ಲೋರಿನ್ ತುಂಬಿ ಬಿಟ್ಟು, ಬಳಿಕ 24 ಗಂಟೆ ಅಂತರದಲ್ಲಿ ತೆಗೆದ ಎರಡು ಮಾದರಿಗಳಲ್ಲೂ ಇ-ಕೊಲೈ ಇಲ್ಲವೆಂದು ಖಚಿತವಾದಾಗ ಮಾತ್ರ ವಾಲ್ವ್ ತೆರೆಯಬೇಕು. ಆಮೇಲೆ ಆ ಒಡಕಿಗೆ ಕಾರಣವಾದ ಚರಂಡಿ ದಾಟನ್ನು ಅಪಾಯದ ಪಟ್ಟಿಯಲ್ಲಿ ಹುಡುಕಿ, ಅಲ್ಲಿ ಅದಕ್ಕೆ ಕೊಟ್ಟಿದ್ದ ಅಂಕವನ್ನು ತಿದ್ದಿ, ಅದೇ ಬಗೆಯ ಉಳಿದ ದಾಟುಗಳನ್ನೆಲ್ಲ ಅದೇ ತಿಂಗಳು ಪರೀಕ್ಷಿಸಬೇಕು.